ನೀರಿನ ಟ್ಯಾಂಕಿನ ಮೇಲೆ ಕಾರ್ಲೀನ್

ನೋರ್ಬಿ ಊರಿನ ಶಾಲೆಗೆ ಹದಿಮೂರು ಬಸ್ಸುಗಳು. ಅವುಗಳಲ್ಲಿ ಒಂಬತ್ತನೆಯದನ್ನು ಕಾರ್ಲೀನ್ ಹೌಗ್‌ಸ್ಟಾಡ್ ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದಳು. ಮಿನೆಸೋಟದ ಜನವರಿಯಲ್ಲಿ ರಸ್ತೆ ಯಾವುದು, ಹೊಲ ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಅಂಥ ಹಿಮದಲ್ಲೂ ಅವಳ ಬಸ್ಸು ಹಳ್ಳಕ್ಕೆ ಇಳಿದದ್ದಿಲ್ಲ. ಆದರೆ ಅವಳಿಗೊಂದು ಚಟವಿತ್ತು. ಇಳಿದ ಮಗು ಮನೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ಒಳಗಿನಿಂದ ಯಾರಾದರೂ ದೊಡ್ಡವರು ಕೈ ಬೀಸುವವರೆಗೆ ಅವಳು ಬಸ್ಸು ಕದಲಿಸುತ್ತಿರಲಿಲ್ಲ. ಹಿಂದೆ ನಿಂತ ಕಾರಿನವರು ಗೊಣಗಿ ಗೊಣಗಿ ಸುಸ್ತಾಗುತ್ತಿದ್ದರು. ಒಂಬತ್ತನೆಯ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಆ ದಿನದ ಕೆಲಸ ಕೆಟ್ಟಿತು ಎಂದೇ ಊರಲ್ಲಿ ಮಾತು.

ಆ ಬಸ್ಸಿನ ಕೊನೆಯ ಸೀಟಿನಲ್ಲಿ ಒಂದು ಕಾಲಕ್ಕೆ ನಾಲ್ಕು ಪುಂಡರು ಕೂರುತ್ತಿದ್ದರು. ಓದಿನಲ್ಲಿ ಅಷ್ಟಕ್ಕಷ್ಟೇ, ಗಲಾಟೆಯಲ್ಲಿ ಎತ್ತಿದ ಕೈ. ಅವರಲ್ಲಿ ವೆಸ್ ಎಂಬವನು ಮುಂದಿನ ಸೀಟಿನ ಬೆನ್ನನ್ನೇ ಡ್ರಮ್ ಮಾಡಿಕೊಂಡು ಬಡಿಯುತ್ತಿದ್ದ.

"ವೆಸ್, ಆ ಸೀಟು ನಿನಗೇನು ಅನ್ಯಾಯ ಮಾಡಿದೆಯೋ? ಬಿಡೋ ಅದನ್ನ!" ಎಂದು ಕಾರ್ಲೀನ್ ಕನ್ನಡಿಯಲ್ಲಿ ನೋಡುತ್ತಲೇ ಗದರುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ ಮಿಸ್ ಕಾರ್ಲೀನ್. ದೊಡ್ಡ ಮನುಷ್ಯ ಆದ್ಮೇಲೆ ನಿಮಗೆ ಹೊಸ ಬಸ್ಸೇ ಕೊಡಿಸ್ತೀನಿ."

"ಮೊದ್ಲು ಗಣಿತದಲ್ಲಿ ಪಾಸಾಗು, ಆಮೇಲೆ ಬಸ್ಸಿನ ಮಾತು."

ಗಣಿತದಲ್ಲಿ ಪಾಸಾದನೋ ಇಲ್ಲವೋ, ದೊಡ್ಡ ಮನುಷ್ಯನಂತೂ ಆದ. ನಾಲ್ವರೂ ಸೇರಿ ಚರ್ಚಿನ ನೆಲಮಾಳಿಗೆಯಲ್ಲಿ ಹಾಡತೊಡಗಿದರು, ತಮ್ಮ ತಂಡಕ್ಕೆ 'ಬಸ್ ನೈನ್' ಎಂದು ಹೆಸರಿಟ್ಟರು, ಹಳೆಯ ವ್ಯಾನಿನಲ್ಲಿ ಡ್ರಮ್ಮು ಗಿಟಾರು ತುಂಬಿಕೊಂಡು ಮಿನಿಯಾಪೋಲಿಸ್‌ಗೆ ಹೋದರು. ಊರು ನಕ್ಕಿತು. ಎರಡು ತಿಂಗಳಲ್ಲಿ ಬಾಲ ಮುದುರಿಕೊಂಡು ಬಂದು ಹಂದಿ ಫಾರ್ಮಿನಲ್ಲಿ ಕೆಲಸ ಕೇಳುತ್ತಾರೆ ಎಂದಿತು. ಮೂರನೆಯ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಅವರ ಮೊದಲ ಆಲ್ಬಮ್ ಬಂತು. ಆರು ತಿಂಗಳಲ್ಲಿ ಅದರ ಒಂದು ಹಾಡು ದೇಶದ ಪ್ರತಿಯೊಂದು ರೇಡಿಯೋದಲ್ಲೂ ಕೇಳಿಸಿತು. ವರ್ಷ ತುಂಬುವುದರೊಳಗೆ ಲಂಡನ್ನಿನಲ್ಲಿ ಜನ ಟಿಕೆಟ್ಟಿಗಾಗಿ ರಸ್ತೆಯಲ್ಲೇ ಮಲಗಿದರು. ಟೋಕಿಯೋದಿಂದ ಮೂವರು ಹುಡುಗಿಯರು ನೋರ್ಬಿಗೇ ಬಂದು, ಕಾರ್ಲೀನ್‌ಳ ಬಸ್ಸನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡು, ಅತ್ತು, ಹೋದರು. ನಕ್ಕ ಊರು ಬಾಯಿ ಬಿಟ್ಟುಕೊಂಡು ನಿಂತಿತು.

ಆದರೆ ಕಾರ್ಲೀನ್‌ಗೆ ಗರ ಬಡಿದದ್ದು ಅದರಿಂದಲ್ಲ. ಆಲ್ಬಮ್ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಸ್ಸು ಹತ್ತಿದಳು. ಅವಳ ಅಂಗಿಯ ಮೇಲೆ ಆಲ್ಬಮ್ಮಿನ ಮುಖಪುಟವನ್ನು ಅಚ್ಚು ಹಾಕಿದ್ದರು. ಬಣ್ಣ ಮಾಸಿದ ಹಳೆಯ ಫೋಟೋ. ಈಜುಡುಗೆ ತೊಟ್ಟ ಒಂಬತ್ತು ವರ್ಷದ ಹುಡುಗಿ, ಒದ್ದೆ ಕೂದಲು, ಪಕ್ಕಕ್ಕೆ ತಿರುಗಿ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಅವಳ ಹೆಗಲ ಮೇಲೆ ಒಂದು ಪುಟ್ಟ ಕೈ. ಕೈ ಯಾರದೆಂದು ಕಾಣುವುದಿಲ್ಲ, ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಹುಡುಗಿ ಕಾರ್ಲೀನ್. ಕೈ ಅವಳ ತಮ್ಮ ಲೈಲ್‌ನದು.

ಇಂಥ ಫೋಟೋ ಒಂದಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಯಾರೋ ತೆಗೆದದ್ದನ್ನು ಕಂಡವಳೂ ಅಲ್ಲ. ಆ ದಿನ ಬಸ್ಸು ನಿಂತಲ್ಲೇ ಎಷ್ಟು ಹೊತ್ತು ನಿಂತಿತ್ತೋ, ಹಿಂದಿನಿಂದ ಮಕ್ಕಳು ಕೂಗಿದ ಮೇಲೆ ಅವಳಿಗೆ ಎಚ್ಚರವಾಯಿತು.

ಆ ಫೋಟೋದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಹೊಸ ಈಜುಡುಗೆಯನ್ನು ಅವಳು ತೊಟ್ಟದ್ದು ಅದೊಂದೇ ದಿನ. ಅರವತ್ತೆಂಟರ ಜುಲೈ, ಮಂಗಳವಾರ. ಸರೋವರದ ದಡದಲ್ಲಿ ಬಾಡಿಗೆಗೆ ಹಿಡಿದ ಮರದ ಮನೆ. ಅಪ್ಪ ಊರಲ್ಲಿ ಕೆಲಸಕ್ಕೆ ಉಳಿದಿದ್ದ. ಅಮ್ಮ ಆರ್ಡಿಸ್ ತಲೆನೋವೆಂದು ಒಳಗೆ ಮಲಗಿದ್ದಳು. ಐದು ವರ್ಷದ ಲೈಲ್ ನೀರಿಗೆ ಹೋಗೋಣ ಎಂದು ಹಟ ಹಿಡಿದ. ಕಾರ್ಲೀನ್ ಅವನನ್ನು ಕರೆದುಕೊಂಡು ನೀರಿನ ಮೇಲೆ ಚಾಚಿದ ಹಲಗೆಗಟ್ಟೆಗೆ ಹೋದಳು. ಆಡಿದರು. ಆಮೇಲೆ ಮನೆಯ ಹಿಂದಿನ ಪೊದೆಯಲ್ಲಿ ಕೆಂಪು ರಾಸ್ಬೆರಿ ಹಣ್ಣು ನೆನಪಾಗಿ, ಅವನನ್ನು ಅಲ್ಲೇ ಬಿಟ್ಟು ಓಡಿದಳು. ಹಣ್ಣು ತಿಂದು ಮುಗಿಯುವಷ್ಟರಲ್ಲಿ ದಡದಲ್ಲಿ ಕೂಗಾಟ. ದೋಣಿಯವನೊಬ್ಬ ನೀರಿನಿಂದ ತೆಗೆದ, ಉಸಿರಿಲ್ಲದ ಲೈಲ್‌ನನ್ನು ಎತ್ತಿಕೊಂಡು ನಿಂತಿದ್ದ. ಕಾರ್ಲೀನ್ ಹಿಂಬಾಗಿಲಿನಿಂದ ನುಸುಳಿ, ಒದ್ದೆ ಬಟ್ಟೆಯಲ್ಲೇ ಹಾಸಿಗೆ ಸೇರಿ, ಹೊದಿಕೆ ಎಳೆದುಕೊಂಡಳು. ಪೊಲೀಸ್ ಅಧಿಕಾರಿ ಬಂದು ಕೇಳಿದಾಗ, ಹೊಟ್ಟೆನೋವಿತ್ತು, ಬೆಳಿಗ್ಗೆಯಿಂದ ಮಲಗೇ ಇದ್ದೆ, ಅವನು ಹೊರಗೆ ಹೋದದ್ದು ಗೊತ್ತೇ ಇಲ್ಲ ಎಂದಳು. ಎಲ್ಲರೂ ನಂಬಿದರು. ಒಂಬತ್ತು ವರ್ಷದ ಮಗು ಹೇಳಿದ ಆ ಸುಳ್ಳನ್ನು ನಲವತ್ತೇಳು ವರ್ಷದ ಹೆಂಗಸು ಇನ್ನೂ ಹೊತ್ತುಕೊಂಡಿದ್ದಳು. ಮದುವೆಯಾಗಲಿಲ್ಲ, ಮಕ್ಕಳು ಬೇಡವೆಂದಳು, ನೀರಿನ ಹತ್ತಿರ ಸುಳಿಯಲಿಲ್ಲ. ಈಗ ಆ ಸುಳ್ಳಿಗೆ ಸಾಕ್ಷಿ ಲೋಕದ ಎದೆಯ ಮೇಲೆಲ್ಲ ನಗುತ್ತಾ ತಿರುಗುತ್ತಿತ್ತು.

ಲೋಕ ಹಾಳಾಗಿ ಹೋಗಲಿ. ಆ ಮಾಸಿದ ಮುಖ ಇಂದಿನ ಕಾರ್ಲೀನ್‌ಳದೆಂದು ಯಾರೂ ಗುರುತಿಸಲಿಲ್ಲ. ಅವಳಿಗಿದ್ದ ಭಯ ಒಂದೇ. ಅಮ್ಮ ನೋಡಿದರೆ? ನೋಡಿದ ಕ್ಷಣಕ್ಕೇ ತಿಳಿಯುತ್ತದೆ, ಮಲಗಿದ್ದೆ ಎಂದ ಮಗಳು ತಮ್ಮನ ಜೊತೆ ಹೊರಗಿದ್ದಳೆಂದು. ಎಪ್ಪತ್ತೆರಡರ ಆರ್ಡಿಸ್ ನಾಲ್ಕು ವರ್ಷದಿಂದ ಮಗಳ ಮನೆಯಲ್ಲೇ ಇದ್ದಳು. ಮಗಳಿಗೂ ಅವಳೊಬ್ಬಳೇ ಗತಿ.

ಸರಿ, ಬಚ್ಚಿಡುವ ಕೆಲಸ ಶುರುವಾಯಿತು. ಬೆಳಿಗ್ಗೆ ಪೇಪರು ಬಂದರೆ ಮೊದಲು ಕಾರ್ಲೀನ್‌ಳ ಕತ್ತರಿ ಓಡುತ್ತಿತ್ತು.

"ಇದೇನೇ, ಪೇಪರೆಲ್ಲ ಕಿಟಕಿ ಕಿಟಕಿ?" ಎಂದು ಆರ್ಡಿಸ್ ತೂತಿನೊಳಗಿಂದ ಮಗಳ ಮುಖ ನೋಡುತ್ತಿದ್ದಳು.

"ರಿಯಾಯಿತಿ ಕೂಪನ್ನಮ್ಮಾ. ಸೋಪಿನದು."

"ಅಷ್ಟೊಂದು ಸೋಪು ಎಲ್ಲಿಟ್ಟಿದ್ದೀಯೇ ತಾಯಿ? ಊರಿಗೆಲ್ಲ ಸ್ನಾನ ಮಾಡಿಸ್ತೀಯಾ?"

ಟೀವಿಯಲ್ಲಿ 'ಬಸ್ ನೈನ್' ಹೆಸರು ಬಂದರೆ ಸಾಕು, ಕಾರ್ಲೀನ್ ಹವಾಮಾನದ ಚಾನೆಲ್ಲಿಗೆ ತಿರುಗಿಸುತ್ತಿದ್ದಳು. ಇತ್ತ ಆ ಕೈ ಯಾರದೆಂದು ಜಗತ್ತೆಲ್ಲ ಜಗಳವಾಡುತ್ತಿತ್ತು. ಬ್ರೆಜಿಲ್‌ನವರು ಅದು ದೆವ್ವದ ಕೈ ಎಂದರು. ಇಂಗ್ಲೆಂಡಿನ ಒಬ್ಬ ಪಂಡಿತ ಅದು ಅಮೆರಿಕದ ಕಳೆದುಹೋದ ಬಾಲ್ಯ ಎಂದು ಎರಡು ಪುಟ ಬರೆದ. ಆ ಪಂಡಿತನ ಕಪಾಳಕ್ಕೆ ಒಂದು ಬಿಗಿಯಬೇಕು ಎಂದು ಕಾರ್ಲೀನ್‌ಗೆ ಅನ್ನಿಸಿತು. ಅದು ಲೈಲ್‌ನ ಕೈ. ಉಗುರಿನ ಸಂದಿಯಲ್ಲಿ ಮಣ್ಣಿದ್ದ ಕೈ.

ಆಲ್ಬಮ್ ಬಂದ ಎರಡನೆಯ ಬೇಸಿಗೆಗೆ ದೊಡ್ಡ ಸುದ್ದಿ ಬಂತು. ಯೂರೋಪೆಲ್ಲ ಸುತ್ತಿ ಮುಗಿಸಿದ ಹುಡುಗರು ಜೂನ್ ತಿಂಗಳ ಒಂದು ಶನಿವಾರ ತಮ್ಮ ಶಾಲೆಯ ಫುಟ್‌ಬಾಲ್ ಮೈದಾನದಲ್ಲೇ ಹಾಡುತ್ತಾರೆ. ಊರ ಸಭೆಗೆ ಹುಚ್ಚು ಹಿಡಿಯಿತು. ಊರ ನಡುವಿನ ನೀರಿನ ಟ್ಯಾಂಕಿನ ಮೇಲೆ ಆಲ್ಬಮ್ಮಿನ ಮುಖಪುಟವನ್ನೇ ಬರೆಸಬೇಕೆಂದು ಠರಾವು ಮಾಡಿದರು. ಆ ಟ್ಯಾಂಕು ಕಾರ್ಲೀನ್‌ಳ ಅಡುಗೆಮನೆಯ ಕಿಟಕಿಗೆ ನೇರ ಎದುರು. ಅಮ್ಮ ದಿನವೂ ಕಾಫಿ ಕುಡಿಯುವುದು ಆ ಕಿಟಕಿಯ ಬಳಿ ಕೂತು.

ಆ ವಾರದ ಸೋಮವಾರ ಬಣ್ಣದವರು ಹಗ್ಗ ಕಟ್ಟಿಕೊಂಡು ಮೇಲಿನಿಂದ ಶುರುಮಾಡಿದರು. ಮೊದಲ ದಿನ ಕೂದಲು, ಮಂಗಳವಾರ ಹಣೆ. ಕಾರ್ಲೀನ್ ಕಿಟಕಿಗೆ ದಪ್ಪ ಪರದೆ ಎಳೆದಳು.

"ಜೂನ್ ತಿಂಗಳಲ್ಲಿ ಕತ್ತಲೆ ಯಾಕೇ?" ಎಂದಳು ಆರ್ಡಿಸ್.

"ಬಿಸಿಲು ನಿನ್ನ ಕಣ್ಣಿಗೆ ಒಳ್ಳೇದಲ್ಲ ಅಂದ್ರು ಡಾಕ್ಟ್ರು."

"ಯಾವ ಡಾಕ್ಟ್ರು? ನನ್ನ ಡಾಕ್ಟ್ರು ಸತ್ತು ಎರಡು ತಿಂಗಳಾಯ್ತು."

ಬುಧವಾರ ಕಣ್ಣು ಮೂಡಿದವು. ಬಸ್ ಡಿಪೋದಿಂದ ತಲೆಯೆತ್ತಿ ನೋಡಿದ ಕಾರ್ಲೀನ್‌ಗೆ ಮನೆಯಷ್ಟು ಎತ್ತರದ ತನ್ನದೇ ಕಣ್ಣುಗಳು ಕಂಡವು. ಇನ್ನು ತಡೆಯಲಾಗದೆ ಗುರುವಾರ ಮಧ್ಯಾಹ್ನ ಅವಳು ನೇರ ವೆಸ್‌ನ ಅಮ್ಮನ ಮನೆಗೆ ಹೋದಳು. ವೆಸ್ ಹಿಂದಿನ ಮೆಟ್ಟಿಲ ಮೇಲೆ ಕೂತು ಅಮ್ಮ ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಮಾಂಸದ ಹಾಟ್‌ಡಿಶ್ಶನ್ನು ಬಾಣಲೆಯಿಂದಲೇ ತಿನ್ನುತ್ತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ.

"ಮಿಸ್ ಕಾರ್ಲೀನ್! ಬಸ್ಸಿನ ವಿಷ್ಯ ಮರ್ತಿಲ್ಲ, ಬಣ್ಣ ಯಾವ್ದು ಬೇಕು ಹೇಳಿ."

"ಬಸ್ಸು ಹಾಳಾಗ್ಲಿ. ಆ ಫೋಟೋ ನಿಮಗೆಲ್ಲಿ ಸಿಕ್ತೋ? ಟ್ಯಾಂಕಿಂದ ಅದನ್ನ ಅಳಿಸ್ಬೇಕು. ಇವತ್ತೇ."

"ಯಾಕೆ? ಏನಾಯ್ತು?"

"ಅದು ನಾನು ಕಣೋ."

ವೆಸ್‌ನ ಕೈಯ ಚಮಚ ಕೆಳಗೆ ಬಿತ್ತು. ಅವನು ಅವಳ ಮುಖವನ್ನು ನೋಡಿದ, ಟ್ಯಾಂಕಿನ ಕಡೆ ನೋಡಿದ, ಮತ್ತೆ ಅವಳನ್ನು ನೋಡಿದ.

"ಅಯ್ಯೋ ದೇವ್ರೇ... ನಮಗೆ ಗೊತ್ತೇ ಇರ್ಲಿಲ್ಲ. ಅದು ಸಿಕ್ಕಿದ್ದು ನಿಮ್ಮ ಮನೇದೇ ಕ್ಯಾಮೆರಾದಲ್ಲಿ. ನಿಮ್ಮಮ್ಮನ ಮನೆ ಖಾಲಿ ಮಾಡುವಾಗ ಅಂಗಳದಲ್ಲಿ ಮೇಜು ಹಾಕಿ ಸಾಮಾನು ಮಾರಿದ್ರಲ್ಲ, ಅವತ್ತು ತಗೊಂಡೆ. ಒಳಗೆ ಹಳೇ ರೀಲ್ ಹಂಗೇ ಇತ್ತು. ಸುಮ್ನೆ ತೊಳೆಸಿ ನೋಡಿದ್ವಿ. ಬಂದಿದ್ದು ಇದೊಂದೇ. ನಿಮ್ಮ ಬಂಧು ಬಳಗದವರು ಯಾರೋ ಇರಬೇಕು ಅಂದ್ಕೊಂಡ್ವಿ, ಕೇಳ್ಬೇಕಿತ್ತು. ತಪ್ಪಾಯ್ತು."

ಕಾರ್ಲೀನ್ ಮೆಟ್ಟಿಲ ಮೇಲೆ ಕೂತಳು. ಅಮ್ಮನ ಕ್ಯಾಮೆರಾ. ಬೀರುವಿನ ಕೆಳಗಿನ ಖಾನೆಯಲ್ಲಿ, ಹಾಸಿಗೆಬಟ್ಟೆಗಳ ಅಡಿಯಲ್ಲಿ ಟವೆಲ್ ಸುತ್ತಿ ಇಟ್ಟಿದ್ದದ್ದು. ಅಮ್ಮನನ್ನು ಕೇಳದೆ ತೆಗೆದು ಮೇಜಿನ ಮೇಲಿಟ್ಟವಳು ತಾನೇ. ಅದು ಮಾರಿಹೋಯಿತೆಂದು ತಿಳಿದ ಆ ದಿನ ಅಮ್ಮ ಊಟ ಮಾಡಿರಲಿಲ್ಲ. ಆ ಮಂಗಳವಾರ ಸರೋವರದ ಮನೆಯಲ್ಲಿ ಅವರು ಮೂವರೇ. ಫೋಟೋದಲ್ಲಿ ಇಬ್ಬರು.

ವೆಸ್ ಒಳಗೆ ಹೋಗಿ ಒಂದು ಲಕೋಟೆ ತಂದ. "ಪೂರ್ತಿ ಫೋಟೋ ಇದು. ಮುಖಪುಟ ಮಾಡಿದವನು ಒಂದೇ ಮುಖ ಸಾಕು ಅಂತ ಆ ಹುಡುಗನ್ನ ಕತ್ತರಿಸಿಬಿಟ್ಟ. ನೀವು ಹೂಂ ಅಂದ್ರೆ ನಾಳೇನೇ ಟ್ಯಾಂಕಿಗೆ ಬಿಳಿ ಬಣ್ಣ ಹೊಡೆಸ್ತೀನಿ."

ಟ್ಯಾಂಕಿನ ಮಾತನ್ನು ಅಲ್ಲಿಗೇ ಬಿಟ್ಟು ಅವಳು ಲಕೋಟೆ ಹಿಡಿದು ಮನೆಗೆ ಬಂದಳು.

ಅಡುಗೆಮನೆಯ ಪರದೆ ಪೂರ್ತಿ ಸರಿದಿತ್ತು. ಆರ್ಡಿಸ್ ಕಾಫಿ ಬಟ್ಟಲು ಹಿಡಿದು ಟ್ಯಾಂಕನ್ನೇ ನೋಡುತ್ತಾ ಕೂತಿದ್ದಳು. ಅಷ್ಟರಲ್ಲಿ ಬಣ್ಣದವರು ಬಾಯಿಯವರೆಗೆ ಮುಗಿಸಿದ್ದರು.

"ಮೂಗು ಸರಿಯಾಗಿ ಬರೆದಿಲ್ಲ," ಎಂದಳು ಆರ್ಡಿಸ್. "ನಿನ್ನ ಮೂಗು ಅಷ್ಟು ಉದ್ದ ಇರ್ಲಿಲ್ಲ."

ಕಾರ್ಲೀನ್ ಬಾಗಿಲಲ್ಲೇ ನಿಂತಳು. "ಯಾವಾಗ ನೋಡ್ದೆ?"

"ಹೋದ ವರ್ಷ. ಪಾದ್ರಿ ಮಗಳ ಚೀಲದ ಮೇಲೆ. ನೀನು ಪೇಪರು ಕತ್ತರಿಸ್ತಿದ್ದೆ. ನಾನು ಸುಮ್ನೆ ನೋಡ್ತಿದ್ದೆ."

"ಆ ಫೋಟೋ ತೆಗ್ದೋರು..."

"ನಾನೇ. ಕಿಟಕಿಯಿಂದ. ನಂಗೆ ತಲೆನೋವಿತ್ತು, ನಿದ್ದೆ ಬಂದಿರ್ಲಿಲ್ಲ. ನೀವಿಬ್ರೂ ನಗೋದು ಕೇಳಿಸ್ತು, ಎದ್ದು ಬಂದು ಒಂದು ಫೋಟೋ ತೆಗ್ದೆ. ಆಮೇಲೆ ಹೋಗಿ ಮಲಗಿದೆ. ಪೊಲೀಸರ ಹತ್ರ, ಬೆಳಿಗ್ಗೆಯಿಂದ ಎದ್ದೇ ಇಲ್ಲ ಅಂದೆ."

ಕಾರ್ಲೀನ್ ಮೇಜಿನ ಹತ್ತಿರ ಬಂದಳು. "ಹಂಗಾದ್ರೆ ನಾನು ಸುಳ್ಳು ಹೇಳಿದ್ದು ನಿಂಗೆ ಅವತ್ತೇ ಗೊತ್ತಿತ್ತು."

"ನಿನ್ನ ಹಾಸಿಗೆ ಒದ್ದೆಯಾಗಿತ್ತಲ್ಲೇ."

"ಮೂವತ್ತೆಂಟು ವರ್ಷ!" ಅವಳ ಕೂಗಿಗೆ ಬಟ್ಟಲು ನಡುಗಿತು. "ಮೂವತ್ತೆಂಟು ವರ್ಷ ನಾನು ಸಾಯ್ತಾ ಬದುಕಿದ್ದು ನೋಡ್ತಾ ಕೂತಿದ್ದೆಯಾ? ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

"ನಿನ್ನದು ಹೇಳಿದ್ರೆ ನಂದೂ ಹೇಳ್ಬೇಕಿತ್ತು," ಎಂದಳು ಆರ್ಡಿಸ್. ಅವಳ ದನಿಯಲ್ಲಿ ಅಳುವಿರಲಿಲ್ಲ. "ನಂಗೆ ಧೈರ್ಯ ಬರ್ಲಿಲ್ಲ. ಮಗು ಹೆಗಲ ಮೇಲೆ ನಂದನ್ನೂ ಹಾಕ್ಬಿಟ್ಟೆ. ನಾನು ಕೆಟ್ಟ ತಾಯಿ ಕಣೇ, ನೀನು ಏನು ಬೇಕಾದ್ರೂ ಅನ್ನು."

ಅನ್ನುವುದಕ್ಕೆ ಕಾರ್ಲೀನ್‌ಗೆ ಬೇಕಾದಷ್ಟಿತ್ತು. ಸಿಟ್ಟಿನಲ್ಲೇ ಲಕೋಟೆ ಹರಿದು ಫೋಟೋವನ್ನು ಮೇಜಿನ ಮೇಲೆ ಹಾಕಿದಳು. ತಾಯಿ ಮಗಳಿಬ್ಬರೂ ಅಂದಿನಿಂದ ಮೊದಲ ಬಾರಿಗೆ ಲೈಲ್‌ನನ್ನು ಪೂರ್ತಿಯಾಗಿ ನೋಡಿದರು. ಅವನಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಒಂದು ಕೈ ಅಕ್ಕನ ಹೆಗಲ ಮೇಲೆ. ಮುಖ ಮಾತ್ರ ಅಕ್ಕನ ಕಡೆಗಿರಲಿಲ್ಲ, ನೇರ ಕಿಟಕಿಯ ಕಡೆಗಿತ್ತು. ಕ್ಯಾಮೆರಾ ಹಿಡಿದ ಅಮ್ಮನನ್ನು ಅವನು ನೋಡಿದ್ದ.

ಆರ್ಡಿಸ್ ಫೋಟೋವನ್ನು ತನ್ನ ಹತ್ತಿರ ಎಳೆದುಕೊಂಡಳು. "ಅವನ ಜೊತೆ ನೀನಿದ್ದೀಯಲ್ಲ ಅಂತ ನಾನು ಹೋಗಿ ಮಲಗಿದೆ."

"ಮನೇಲಿ ನೀನಿದ್ದೀಯಲ್ಲ ಅಂತ ನಾನು ಹಣ್ಣಿಗೆ ಹೋದೆ," ಎಂದಳು ಕಾರ್ಲೀನ್.

ಐದು ವರ್ಷದ ಲೈಲ್ ಇಬ್ಬರೂ ಇದ್ದಾರೆ ಎಂದುಕೊಂಡು ನೀರಿಗೆ ಇಳಿದಿದ್ದ.