ಮೂಗಿಗೆ ಸಿಕ್ಕಿದ ಕೆಲಸ

ದೂಮಣ್ಣ ಮನುಷ್ಯರ ಮುಖ ನೋಡುವ ಮೊದಲು ವಾಸನೆ ನೋಡುತ್ತಿದ್ದರು. ಗೇಟಿನ ಬಳಿ ಯಾರಾದರೂ ಬಂದು ನಿಂತರೆ ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡು, "ಮೀನು ಮಾರ್ಕೆಟಿಗೆ ಹೋಗಿ ಬಂದದ್ದು ಅಲ್ವಾ?" ಎಂದು ಕೇಳುವರು. ಎಷ್ಟೋ ಸಲ ತಪ್ಪಾಗುತ್ತಿತ್ತು. ಮೀನಿನ ಹೆಸರೆತ್ತಿದರೆ ಸ್ನಾನ ಮಾಡುವ ನನ್ನ ಅತ್ತೆಯನ್ನೂ ಹಾಗೆಯೇ ಕೇಳಿದ್ದರಿಂದ ಅವರು ಮತ್ತೆ ಆ ಗೇಟಿನ ಕಡೆ ತಲೆ ಹಾಕಲಿಲ್ಲ. ಆದರೆ ಗಾಂಜಾದ ವಿಷಯದಲ್ಲಿ ಆ ಮೂಗು ತಪ್ಪಿದ್ದನ್ನು ನಾನು ಕಂಡಿಲ್ಲ.

ಅದು ಎಂಬತ್ತರ ದಶಕದ ಆರಂಭ. ಮಣಿಪಾಲದ ಇಳಿಜಾರಿನಲ್ಲಿ ಲಾಜರ್ ಪೊರ್ಬುಗಳು ಕಾಲೇಜು ಹುಡುಗರಿಗಾಗಿ ಒಂದು ಲಾಡ್ಜ್ ಕಟ್ಟಿಸಿದ್ದರು. ಪೊರ್ಬುಗಳು ಎಂದು ನಮ್ಮ ಕಡೆ ಕ್ರೈಸ್ತ ಯಜಮಾನರನ್ನು ಮರ್ಯಾದೆಯಿಂದ ಕರೆಯುವುದು. ನಾನು ಅಲ್ಲಿ ಗುಮಾಸ್ತ. ಹುಡುಗರು ಗಾಂಜಾ ಸೇದುತ್ತಾರೆಂದು ತಂದೆತಾಯಿಯರ ದೂರು ಬರತೊಡಗಿತ್ತು. ಪೊರ್ಬುಗಳಿಗಾದರೋ ಗಾಂಜಾಕ್ಕೂ ಸೊಳ್ಳೆಬತ್ತಿಗೂ ವ್ಯತ್ಯಾಸ ತಿಳಿಯದು. ಆಗ ಇನ್ನಂಜೆಯಿಂದ ವಾಚ್‌ಮನ್ ಕೆಲಸ ಕೇಳಿಕೊಂಡು ಬಂದ ದೂಮಣ್ಣ ಮಾತಿನ ನಡುವೆ ಮೂಗು ಅರಳಿಸಿ, "ಮಹಡಿಯ ಕೊನೆಯ ಕೋಣೆಯಲ್ಲಿ ಭಂಗಿ ಉಂಟು ಪೊರ್ಬುಗಳೇ" ಎಂದರು. ಹೋಗಿ ನೋಡಿದರೆ ಗಾಂಜಾ ಇತ್ತು. ಅಲ್ಲಿಯೇ ಕೆಲಸ ಖಾಯಂ. ಆ ಮೂಗಿಗೆ ಗುರುತು ಎಲ್ಲಿಂದ ಬಂತು ಎಂದು ಕೇಳಬೇಕೆಂದು ಪೊರ್ಬುಗಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹುಡುಗರು ಹೆಸರಿಗೆ ಮಹಾಪ್ರಾಣ ಸೇರಿಸಿ 'ಧೂಮಣ್ಣ' ಮಾಡಿದರು. ದೂಮಣ್ಣನಾದರೋ ಯಾರನ್ನೂ ಹಿಡಿದುಕೊಡುವವರಲ್ಲ. ಬಾಗಿಲ ಹೊರಗೆ ನಿಂತು ಗಂಟಲು ಸರಿಮಾಡಿಕೊಂಡು, "ಸಾರ್, ಪರೀಕ್ಷೆ ಹತ್ತಿರ ಉಂಟು. ಆರು ದಿನ ಓದು, ಏಳನೆಯ ದಿನ ಊದು" ಎನ್ನುವರು. ಒಳಗೆ ಕಿಟಕಿ ತೆರೆಯುವ ಸದ್ದಾಗುತ್ತಿತ್ತು. ಅವರು ಬಂದ ಮೇಲೆ ವಾಸನೆಯೂ ಕಡಿಮೆಯಾಯಿತು, ದೂರೂ ಕಡಿಮೆಯಾಯಿತು. ಪೊರ್ಬುಗಳು ಕಂಡವರ ಮುಂದೆಲ್ಲ ಆ ಮೂಗನ್ನು ಹೊಗಳಿಕೊಂಡು ತಿರುಗಿದರು.

ಭಾನುವಾರ ದೂಮಣ್ಣ ಊರಿಗೆ ಹೋಗುತ್ತಿದ್ದರು. ಅಂಥದೊಂದು ಭಾನುವಾರ ಪೊರ್ಬುಗಳು ಬಾಡಿಗೆ ಕೇಳಲು ಕಾರ್ಕಳದ ಅಶೋಕನ ಕೋಣೆಯ ಬಾಗಿಲು ತಳ್ಳಿದರೆ, ಒಳಗೆ ಹೊಗೆಯೋ ಹೊಗೆ. ಹುಡುಗ ಹೆದರಿ ಬಾಯಿಬಿಟ್ಟ.

"ದೂಮಣ್ಣನೇ ಹೇಳಿದ್ದು ಸರ್. ಏಳನೆಯ ದಿನ ಊದು ಅಂತ."

ಆ ಮೂಗಿಗೆ ಗುರುತು ಎಲ್ಲಿಂದ ಬಂತೆಂದು ಪೊರ್ಬುಗಳಿಗೆ ಆಗ ಬೆಳಕಾಯಿತು. ಸೋಮವಾರ ಬೆಳಿಗ್ಗೆ ಜಗಲಿಯಲ್ಲಿ ಹುಡುಗರನ್ನೆಲ್ಲ ಸಾಲಾಗಿ, ಊರಿಂದ ಮರಳಿದ ದೂಮಣ್ಣನನ್ನು ಎದುರಿಗೆ ನಿಲ್ಲಿಸಿ ವಿಚಾರಣೆ ಶುರುಮಾಡಿದರು. "ದೂಮನ ಮೈಯಿಂದ ಗಾಂಜಾ ವಾಸನೆ ಬಂದದ್ದು ಯಾರಿಗಾದರೂ ಉಂಟಾ?"

ಬಂದಿದೆ ಎಂದರೆ ಹೇಳಿದವನಿಗೆ ಗುರುತು ಉಂಟು ಎಂದಾಯಿತು. "ಆ ವಾಸನೆ ಹೇಗಿರ್ತದೆ ಅಂತಲೇ ನಮಗೆ ಗೊತ್ತಿಲ್ಲ ಸರ್" ಎಂದ ಒಬ್ಬ ದೊಡ್ಡ ಸೇದುಕ. ಪೊರ್ಬುಗಳು ನನ್ನ ಕಡೆ ತಿರುಗಿದರು. ನನಗೂ ಗೊತ್ತಿಲ್ಲ ಎಂದೆ. ಅವರು ಸಿಟ್ಟಿನಿಂದ, "ನನಗೇ ಬಂದಿದೆ!" ಎಂದರು.

"ಪೊರ್ಬುಗಳಿಗೂ ಗುರುತು ಉಂಟಾ?" ಎಂದು ದೂಮಣ್ಣ ಮೆಲ್ಲಗೆ ಕೇಳಿದರು.

ಹುಡುಗರು ತುಟಿ ಕಚ್ಚಿಕೊಂಡು ನಿಂತರು. ಮೊಕದ್ದಮೆ ಅಲ್ಲಿಗೆ ಬಿದ್ದುಹೋಗಿತ್ತು. ಪೊರ್ಬುಗಳು ಸೋತ ಸಿಟ್ಟನ್ನು ಅಶೋಕನ ಮೇಲೆ ತಿರುಗಿಸಿದರು. ಸೇದಿದ್ದು ಸಾಲದು ಅಂತ ಬಡಪಾಯಿಯ ಮೇಲೆ ಸುಳ್ಳು ಬೇರೆ; ಇವತ್ತೇ ಪೆಟ್ಟಿಗೆ ಕಟ್ಟು, ಅಪ್ಪನಿಗೆ ತಂತಿ ಕೊಡುತ್ತೇನೆ, ಎಂದರು.

"ಹುಡುಗ ಸುಳ್ಳು ಹೇಳಲಿಲ್ಲ" ಎಂದರು ದೂಮಣ್ಣ. "ಆ ಮಾತು ನನ್ನದೇ. ಆದಿತ್ಯವಾರ ಇನ್ನಂಜೆಯಲ್ಲಿ ಹಟ್ಟಿಯ ಹಿಂದೆ ಕೂತು ನಾನೂ ಊದುತ್ತೇನೆ. ಆ ದಿನ ಮೂಗು ನನ್ನದು. ಸೋಮವಾರದಿಂದ ನಿಮ್ಮದು. ಕೆಲಸದಲ್ಲಿ ಎಂತ ಕಡಿಮೆಯಾಗಿದೆ, ಹೇಳಿ."

ಕಡಿಮೆಯಾದದ್ದು ಏನೂ ಇರಲಿಲ್ಲ. ಪೊರ್ಬುಗಳಿಗೂ ಅದು ಗೊತ್ತು. "ಮಕ್ಕಳ ಅಪ್ಪಂದಿರಿಗೆ ನಾನು ಎಂತ ಹೇಳಲಿ?" ಎಂದಷ್ಟೇ ಹೇಳಿ ಲೆಕ್ಕ ಚುಕ್ತಾ ಮಾಡಿಸಿದರು. ಪ್ರತಿ ಸಂಜೆ ಹೊಟ್ಟೆಯ ಗ್ಯಾಸಿಗೆಂದು ಎರಡು ಪೆಗ್ಗು ಬ್ರಾಂದಿ ಹಾಕುವ ಯಜಮಾನರು ಅವರು. ನನಗೆ ಅವತ್ತು ಮೈಯೆಲ್ಲ ಉರಿದಿತ್ತು, ಈಗಲೂ ಆ ಉರಿ ಪೂರ್ತಿ ಇಳಿದಿಲ್ಲ. ಅಶೋಕ ಉಳಿದ, ದೂಮಣ್ಣ ಹೋದರು.

ಆಮೇಲೆ ಬಂದ ವಾಚ್‌ಮನ್ನರಿಗೆ ಮೂಗು ಇದ್ದದ್ದು ಶೀತಕ್ಕೆ ಮಾತ್ರ. ಎರಡು ವರ್ಷ ಹೊಗೆ ಕುಡಿದು ಸಾಕಾದ ಪೊರ್ಬುಗಳು ಕೊನೆಗೆ ನನ್ನನ್ನೇ ಕಳುಹಿಸಿದರು. ದೂಮಣ್ಣ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ನೀರುಳ್ಳಿ ಗೋದಾಮು ಕಾಯುತ್ತಿದ್ದರು. ಸಂಬಳ ಅರ್ಧಕ್ಕೆ ಇಳಿದಿತ್ತು. ಮೈಯೂ ಇಳಿದಿತ್ತು.

"ಭಂಗಿ ಬಿಟ್ಟೆ ಅಂತ ಪೊರ್ಬುಗಳ ಎದುರು ಒಂದು ಮಾತು ಹೇಳಿದರೆ ಸಾಕಂತೆ. ನಾಳೆಯೇ ಬರಬಹುದು."

"ಬಿಟ್ಟು ವರ್ಷ ಆಯಿತು ಮಾರಾಯ್ರೆ. ಕೆಮ್ಮು ಶುರುವಾಯಿತು, ಬಿಟ್ಟೆ."

"ಮತ್ತೆಂತ? ಅದನ್ನೇ ಹೇಳಿ."

ಅವರು ಗೋಣಿಚೀಲದ ಮೇಲೆ ಕುಳಿತು ಯೋಚಿಸಿದರು. "ನಾನು ಬಿಟ್ಟದ್ದು ಕೆಮ್ಮಿಗೆ. ಅವರು ಕೆಲಸಕ್ಕಾಗಿ ಬಿಟ್ಟ ಅಂತ ತಿಳಿದುಕೊಳ್ತಾರೆ. ಅದು ಸುಳ್ಳಾಗ್ತದಲ್ಲ? ಕೆಮ್ಮಿಗೆ ಬಿಟ್ಟ ಅಂತ ಹೇಳಿ. ಅಷ್ಟಕ್ಕೆ ಕರೆದರೆ ಬರ್ತೇನೆ."

ನಾನು ಹಾಗೆಯೇ ಹೇಳಿದೆ. ಪೊರ್ಬುಗಳಿಗೆ ಅದು ದೊಡ್ಡ ನೆಪದ ಹಾಗೆ ಕಂಡಿತು. "ಕೆಮ್ಮು ಅಂತೆ, ಕೆಮ್ಮು" ಎಂದು ಗೊಣಗಿದರು. ಕರೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ದೂಮಣ್ಣ ತೀರಿಕೊಂಡ ಸುದ್ದಿ ಬಂತು. ನಾನು ಹೇಳಿದಾಗ ಪೊರ್ಬುಗಳು ಕೇಳಿದ್ದು ಒಂದೇ. "ಕೆಮ್ಮಿನಿಂದಲಾ?"

ಹೌದಂತೆ ಎಂದೆ.

"ಹಾಗಾದರೆ ನಿಜವೇ ಹೇಳಿದ್ದ" ಎಂದರು. ಆಮೇಲೆ ಕೊಡೆ ಹುಡುಕಿಕೊಂಡು, ಇನ್ನಂಜೆಗೆ ಬಸ್ಸು ಎಷ್ಟು ಗಂಟೆಗೆ ಉಂಟು ಎಂದು ನನ್ನನ್ನು ಕೇಳಿದರು.