ಇಂಜಿನ್ನಿನ ಇನ್ನೊಂದು ತುದಿ

ನೀರಿನ ಮೇಲೆ ಬೈಕಿನಂತೆ, ಆದರೆ ನಿಂತುಕೊಂಡೇ ಓಡಿಸುವ ನನ್ನ ಜೆಟ್ ಸ್ಕೀಯ ಇಂಜಿನ್ ಹಿನ್ನೀರಿನ ನಡುವೆ ಕೆಟ್ಟು, ರಿಪೇರಿಗೂ ಬಾರದಂತಾಯಿತು. ಅದನ್ನು ಶಿವಾಜಿನಗರದ ಓಣಿಯೊಂದರ ಗ್ಯಾರೇಜಿಗೆ ತಂದೆ. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಎರಡು ಹಳೆಯ ಇಂಜಿನ್ ತೋರಿಸಿದರು. ಒಂದು ಮೊದಲಿನಷ್ಟೇ ಶಕ್ತಿಯದು, ಇನ್ನೊಂದು ಅದಕ್ಕಿಂತ ದೊಡ್ಡದು, ಭಾರವೂ ಹೆಚ್ಚು. ನಾನು ತಡಮಾಡದೆ ದೊಡ್ಡದರ ಮೇಲೆ ಕೈಯಿಟ್ಟೆ. ಐವತ್ತು ದಾಟಿದ ಮೇಲೆ ವೇಗದ ಹುಚ್ಚು ಕಡಿಮೆಯಾಗುತ್ತದೆ ಎಂದವರು ನನ್ನನ್ನು ನೋಡಿಲ್ಲ.

ಅವರು ವಾದಕ್ಕಿಳಿಯಲಿಲ್ಲ. ಚೈನ್ ಪುಲ್ಲಿಯಿಂದ ದೊಡ್ಡ ಇಂಜಿನ್ನನ್ನು ಒಳಗಿಳಿಸಿ, ಜೆಟ್ ಸ್ಕೀಯ ಮುಂದಿನ ತುದಿ ಹಿಡಿದು ನಿಂತರು.

"ಹಿಂದೆ ಹಿಡ್ಕೊಳಿ ಸಾರ್. ಬಾಗಿಲ ತನಕ ಹೋಗೋಣ. ಹಿನ್ನೀರಿನ ಹತ್ರಾನೂ ಗಾಡಿಯಿಂದ ನೀರಿನ ತನಕ ಕೈಯಲ್ಲೇ ತಾನೆ ಹೊರೋದು?"

ನಾನು ಉಸಿರು ಬಿಗಿಹಿಡಿದು ಎತ್ತಿದೆ. ಬೆನ್ನು ಕಿರುಗುಟ್ಟಿದರೂ ಬಿಡದೆ ಬಾಗಿಲು ಮುಟ್ಟಿಸಿ, ಗೆದ್ದವನಂತೆ ಅವರ ಮುಖ ನೋಡಿದೆ. ಅವರು ಅಂಗೈ ಒರೆಸಿಕೊಳ್ಳುತ್ತಿದ್ದರು.

"ನೀವೇನೋ ಎತ್ತಿದ್ರಿ. ಅಲ್ಲಿ ಈ ತುದಿ ಯಾರು ಹಿಡೀತಾರೆ?"

"ನನ್ನ ಹೆಂಡ್ತಿ."

"ಅವರನ್ನ ಕೇಳಿದ್ರಾ?"

ಕೇಳಿರಲಿಲ್ಲ. ಪ್ರತಿ ಸಲ ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು, ಮಾತಿಲ್ಲದೆ ಬಂದು ಹಿಡಿಯುತ್ತಿದ್ದಳು. ಅದು ಭಾರವೇ ಎಂದು ನಾನು ಒಮ್ಮೆಯೂ ವಿಚಾರಿಸಿದ್ದಿಲ್ಲ.

"ಚಿಕ್ಕದನ್ನೇ ಹಾಕಿ" ಎಂದೆ.

ಹನ್ನೊಂದು ವರ್ಷ ಅವಳು ಆ ಜೆಟ್ ಸ್ಕೀಯನ್ನು ನೀರಿಗೆ ಹೊತ್ತಿದ್ದಾಳೆ, ನೀರಿನಿಂದ ಹೊತ್ತು ತಂದಿದ್ದಾಳೆ. ಒಂದು ದಿನವೂ ಅದರ ಮೇಲೆ ನಿಂತಿಲ್ಲ.