ಮರೆಯೊಳಗೆ ಕೂರಲಾಗದವನು

ರೂಡಿ ಕೊಸ್ಕಿ ಮಿಷಿಗನ್ನಿನ ನಮ್ಮ ಉತ್ತರ ತುದಿಯಲ್ಲಿ ಮೂವತ್ತನಾಲ್ಕು ವರ್ಷ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದ. ನಿವೃತ್ತನಾದ ಮೇಲೂ ಒಂದೆಡೆ ನಿಲ್ಲಲಿಲ್ಲ. ಚರ್ಚಿನಲ್ಲಿ ಪ್ರವಚನ ಮುಗಿಯುವುದರೊಳಗೆ ಎರಡು ಸಲ ಎದ್ದು ಹೋಗಿ ಬಾಯ್ಲರ್ ನೋಡಿ ಬರುತ್ತಿದ್ದ. ಈ ಏಪ್ರಿಲ್‌ನಲ್ಲಿ ತೀರಿಕೊಂಡ.

ಜಿಂಕೆಯನ್ನು ಅವನು ಯಾವಾಗಲೂ ಹೆಜ್ಜೆ ಹಿಡಿದು ನಡೆದೇ ಹೊಡೆದವನು. ಎದೆಯ ಆಪರೇಷನ್ ಆದ ಮೇಲೆ ಹಿಮದಲ್ಲಿ ನಡೆಯುವಂತಿರಲಿಲ್ಲ. ಮರದ ಮೇಲಿನ ಮಚಾನಿನ ಮಾತೆತ್ತಿದರೆ ಹೆಂಡತಿ ಆರ್ಲೀನ್, "ಹತ್ತು ನೋಡೋಣ, ಏಣಿ ನಾನೇ ತೆಗೀತೀನಿ" ಅನ್ನುತ್ತಿದ್ದಳು. ಉಳಿದದ್ದು ನೆಲದ ಮೇಲೆ ಗುಡಾರದಂತೆ ನಿಲ್ಲಿಸಿ ಒಳಗೆ ಅಡಗಿ ಕಾಯುವ ಬಟ್ಟೆಯ ಮರೆ. ಇನ್ನೊಂದೇ ಒಂದು ಜಿಂಕೆ ಹೊಡೆಯಬೇಕೆಂದು ಅವನಿಗೆ ಹಟ.

ಕೆಲಸವೆಲ್ಲ ಅಚ್ಚುಕಟ್ಟು. ಜಿಂಕೆಗಳಿಗೆ ರೂಢಿಯಾಗಲೆಂದು ಸೆಪ್ಟೆಂಬರಿನಲ್ಲೇ ಮರೆ ನಿಲ್ಲಿಸಿದ. ಅದರ ಮೈತುಂಬ ಹಸಿರು ಕೊಂಬೆ ಸಿಕ್ಕಿಸಿದ. ಕಾಲಡಿ ಸದ್ದಾಗದಂತೆ ಒಳಗಿನ ತರಗೆಲೆ ಗುಡಿಸಿ ಬರೀ ಮಣ್ಣು ಮಾಡಿದ. ಕೂರುವುದೊಂದೇ ಆಗಲಿಲ್ಲ. ಅರ್ಧ ಗಂಟೆಗೊಮ್ಮೆ ಬಾಗಿಲಿನ ಜಿಪ್ ಎಳೆದು ಹೊರಗೆ ಹೋಗಿ, ದೂರದಿಂದ ಮರೆಯನ್ನು ನೋಡಿ, ಇನ್ನೊಂದು ಕೊಂಬೆ ಸಿಕ್ಕಿಸಿ ಬರುವನು. ಸುತ್ತಲಿನ ಹಿಮದ ತುಂಬ ಅವನದೇ ಬೂಟಿನ ಗುರುತು.

"ಜಿಂಕೆಗೆ ಹೇಗೆ ಕಾಣ್ತದೆ ಅಂತ ನೋಡ್ಬೇಡ್ವಾ?" ಅನ್ನುವನು.

"ಜಿಂಕೆಗೆ ನೀನೇ ಕಾಣ್ತಿದ್ದೀಯಲ್ಲೋ ಮಾರಾಯ" ಅನ್ನುತ್ತಿದ್ದೆ ನಾನು.

ಹೀಗೆ ಎರಡು ವರ್ಷ ಬರಿಗೈ. ಕಳೆದ ವರ್ಷ ನವೆಂಬರಿನ ಕೊನೆಯ ದಿನ, ಬೇಟೆಯ ಅವಧಿ ಮುಗಿಯುವ ಮಧ್ಯಾಹ್ನ, ನಾನೂ ಜೊತೆಗೆ ಹೋದೆ. ಒಳಗೆ ಕೂತ ಕೂಡಲೇ, "ಬೂಟು ಬಿಚ್ಚು" ಅಂದೆ.

"ಯಾಕೋ?"

"ಬಿಚ್ಚು ಅಂದ್ನಲ್ಲ."

ಬಿಚ್ಚಿದ. ಎರಡನ್ನೂ ನನ್ನ ಸ್ಟೂಲಿನಡಿ ತಳ್ಳಿಕೊಂಡೆ.

"ನೀನೇನು ಗೆಳೆಯನೋ, ಜೈಲರೋ?"

"ಮಾತಾಡ್ಬೇಡ. ಪಾಸ್ಟಿ ತಿನ್ನು."

ಆ ಮಾಂಸದ ಕಡುಬು ಮುಗಿಸಿದ. ಉಣ್ಣೆಯ ಕಾಲುಚೀಲದೊಳಗೆ ಬೆರಳು ಕುಣಿಸಿದ. ಮೊಣಕಾಲು ಅಲುಗುತ್ತಲೇ ಇತ್ತು. ಮರೆ ಎಲ್ಲವನ್ನೂ ಮುಚ್ಚಿಟ್ಟಿತು. ಮೂರೂವರೆಗೆ ದೇವದಾರುಗಳ ಸಂದಿನಿಂದ ದೊಡ್ಡ ಕೋಡಿನ ಗಂಡು ಜಿಂಕೆ ಬಯಲಿಗೆ ಬಂತು. ರೂಡಿಯ ಮೊಣಕಾಲು ನಿಂತಿತು. ಅದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೋವಿ ಎತ್ತಿ ಗುರಿ ಹಿಡಿದ. ಅದರ ಮೇಲಿನ ದುರ್ಬೀನಿಗೆ ಮರೆಯ ಕಿಂಡಿಯಾಚೆ ಜಿಂಕೆ ಕಾಣುತ್ತಿತ್ತು. ಕೆಳಗಿನ ನಳಿಗೆಯ ಬಾಯಿ ಮಾತ್ರ ಕಿಂಡಿಯ ಅಂಚಿಗಿಂತ ತಗ್ಗಿನಲ್ಲಿತ್ತು. ಇಬ್ಬರೂ ಗಮನಿಸಲಿಲ್ಲ. ಗುಂಡು ನಮ್ಮ ಮರೆಯ ಬಟ್ಟೆಯನ್ನೇ ಹರಿದುಕೊಂಡು ಎತ್ತಲೋ ಹೋಯಿತು.

ಅವನು ಕಾಲುಚೀಲದಲ್ಲೇ ಹಿಮಕ್ಕೆ ಓಡಿದ. ಹಿಂದೆ ನಾನು, ಕೈಯಲ್ಲಿ ಬೂಟು. ಜಿಂಕೆ ನಿಂತಿದ್ದಲ್ಲಿ ಬಗ್ಗಿ ಬಗ್ಗಿ ಹುಡುಕಿದೆವು. ರಕ್ತವಿಲ್ಲ, ಒಂದು ಕೂದಲೂ ಇಲ್ಲ.

"ಎಷ್ಟೊತ್ತು ಕೂತಿದ್ದೆ ನಾನು?" ಏದುಸಿರಿನಲ್ಲೇ ಕೇಳಿದ.

"ಎರಡು ಗಂಟೆ ಹತ್ತು ನಿಮಿಷ."

"ಆರ್ಲೀನ್ ನಂಬೋದಿಲ್ಲ. ನೀನೇ ಹೇಳು."

ಹೇಳಿದೆ. ಅವಳು ನಂಬಲಿಲ್ಲ.

ಈ ಆಗಸ್ಟಿನಲ್ಲಿ ಅವಳೇ ಮರೆಯನ್ನು ನನ್ನ ಗಾಡಿಗೆ ಹಾಕಿಸಿದಳು. ಕಿಂಡಿಯ ಕೆಳಗಿನ ತೂತಿಗೆ ರೂಡಿ ಕಪ್ಪು ಟೇಪು ಅಂಟಿಸಿದ್ದ. ಸೆಪ್ಟೆಂಬರಿನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ, ಕೊಂಬೆ ಸಿಕ್ಕಿಸಿ, ನೆಲ ಗುಡಿಸಿದೆ. ನವೆಂಬರ್ ಹದಿನೈದಕ್ಕೆ, ಬೇಟೆ ಶುರುವಾಗುವ ದಿನ, ಬೆಳಗಾಗುವ ಮುನ್ನ ಹೋಗಿ ಕೂತೆ. ಎದುರಿಗೆ ಅವನ ಸ್ಟೂಲು.

ನಲವತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಆಗಲಿಲ್ಲ. ಜಿಪ್ ಎಳೆದು ಹೊರಬಂದು, ದೇವದಾರುಗಳವರೆಗೂ ನಡೆದು, ಅಂದು ಜಿಂಕೆ ನಿಂತಿದ್ದಲ್ಲಿ ನಿಂತು ಮರೆಯತ್ತ ತಿರುಗಿ ನೋಡಿದೆ.

ಎಡಗಡೆ ಒಂದು ಕೊಂಬೆ ಕಡಿಮೆ ಇತ್ತು. ಮುರಿದುಕೊಂಡು ಹೋಗಿ ಸಿಕ್ಕಿಸಿದೆ.